ಒಂದು ಶಟರ್, ಎರಡು ಬೀಗ

"ಇದು ಯಾರ ಬೀಗ?"

ಕೇಳಿದ್ದು ನಾನೇ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಹೊಸಪೇಟೆಯ ಮೇನ್ ಬಜಾರಿನ ಪಕ್ಕದ ಓಣಿ ಆಗಷ್ಟೇ ಕಣ್ಣು ಬಿಡುತ್ತಿತ್ತು. ನನ್ನ ಒಂದು ಕೈಯಲ್ಲಿ ಉಕ್ಕಿಸಲು ತಂದ ಹಾಲು, ಇನ್ನೊಂದರಲ್ಲಿ ಹೊಸ ಬೀಗ. ಪಾಪಿನಾಯಕನಹಳ್ಳಿಯ ಪಡಸಾಲೆಯಲ್ಲಿ ಆರು ವರ್ಷ ಬ್ಲೌಸ್ ಹೊಲಿದವಳು, "ಇನ್ನ ಮ್ಯಾಲೆ ನನ್ನ ಮಷೀನು ಪ್ಯಾಟ್ಯಾಗ" ಎಂದು ಅವ್ವನಿಗೆ ಹೇಳಿ ಮೊದಲ ಬಸ್ಸಿಗೆ ಬಂದಿದ್ದೆ. ನೋಡಿದರೆ ನಾನು ಬಾಡಿಗೆಗೆ ಹಿಡಿದ ಮಳಿಗೆಯ ಶಟರಿಗೆ, ಬಲಗಡೆ ಕೊಂಡಿಯಲ್ಲಿ, ಯಾರದೋ ಬೀಗ!

ಸಿಟ್ಟಿಗೆ ಎಡಗಡೆ ಕೊಂಡಿಗೆ ನನ್ನದನ್ನು ಜಡಿದೆ.

"ಬಲಗಡಿದು ನಂದ್ರಿ," ಎಂದಿತು ಹಿಂದಿನಿಂದ ಒಂದು ದನಿ. ತಿರುಗಿದರೆ, ಹೆಗಲ ಮೇಲೆ ಸೀಲಿಂಗ್ ಫ್ಯಾನ್ ಹೊತ್ತ ಯುವಕನೊಬ್ಬ ನಿಂತಿದ್ದ. "ನನ್ನ ಅಂಗಡಿಗೆ ನೀವ್ಯಾಕ ಬೀಗ ಹಾಕಿದ್ರಿ?"

"ಅಂಗಡಿ ನಂದ್ರಿ!"

"ಹೌದಾ? ಹಂಗಾದ್ರ ತೆಗೀರಿ ನೋಡೋಣು."

ತೆಗೆಯಲಾಗಲಿಲ್ಲ. ಅವನಿಗೂ ಆಗಲಿಲ್ಲ. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು. ನಕ್ಕ ಮೇಲೆ ನನಗೆ ಮತ್ತಷ್ಟು ಸಿಟ್ಟು ಬಂತು.

ಅವನು ಗಾದಿಲಿಂಗ, ಕಂಪ್ಲಿಯವನು. ಮಿಕ್ಸಿ, ಫ್ಯಾನು ರಿಪೇರಿ ಅವನ ಕೆಲಸ. ಗದ್ದಲ ಕೇಳಿ ಮಹಡಿಯಿಂದ ಮಾಲೀಕ ಜಂಬಯ್ಯನವರೂ ಅವರ ಹೆಂಡತಿ ದುರ್ಗಕ್ಕನೂ ಇಳಿದು ಬಂದರು. ಕಳೆದ ಗುರುವಾರ ನನ್ನಿಂದ ಎಲೆ ಅಡಿಕೆ ಇಸಿದುಕೊಂಡು ಮಾತು ಕೊಟ್ಟವರು ದುರ್ಗಕ್ಕ. ಅದೇ ಸಂಜೆ ಚಹಾದ ಅಂಗಡಿಯಲ್ಲಿ ಗಾದಿಲಿಂಗನಿಂದ ಎಲೆ ಅಡಿಕೆ ಇಸಿದುಕೊಂಡವರು ಜಂಬಯ್ಯ. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಆ ವಾರ ಗಂಡ ಹೆಂಡತಿಗೆ ಮಾತಿರಲಿಲ್ಲವಂತೆ.

"ಎಲೆ ಅಡಿಕೆ ಇಸ್ಕೊಂಡೀವಿ, ಯಾರನ್ನೂ ಹೋಗು ಅನ್ನಂಗಿಲ್ಲ," ಎಂದರು ಜಂಬಯ್ಯ. "ಹುಣ್ಣಿಮಿ ದಿನ ಕರಾರು ಬರಸ್ತೀನಿ. ಯಾರ ಹೆಸರು ಅಂತ ನೀವ ಮಾತಾಡ್ಕೊಳ್ರಿ. ಅಲ್ಲಿತನಕ ಇಬ್ರೂ ಕುಂದ್ರಿ."

"ಎರಡೂ ಹೆಸರು ಬರಸ್ರಿ ಅಜ್ಜಾರ," ಎಂದ ಗಾದಿಲಿಂಗ.

"ಒಂದ ಮನಿಯವರಾಗಿದ್ರ ಬರಸ್ತಿದ್ದೆ. ಬ್ಯಾರೆ ಬ್ಯಾರೆ ಮನಿಯವರಿಗೆ ಬರಸಿ, ನಾಳೆ ನೀವು ಜಗಳಾಡಿದ್ರ?"

"ಒಂದ ಮನಿಯವರು ಜಗಳಾಡಂಗಿಲ್ಲ ನೋಡು," ಎಂದು ದುರ್ಗಕ್ಕ ಗಂಡನನ್ನು ಓರೆಗಣ್ಣಿನಿಂದ ತಿವಿದರು. "ಮೊದ್ಲ ಹಾಲು ಕಾಸ್ರಿ, ಒಡದು ಹೋದೀತು."

ಬೀಗ ತೆಗೆದು, ದುರ್ಗಕ್ಕ ತಂದ ಒಲೆಯ ಮೇಲೆ ಕಾಸಿದೆವು. ಹಾಲು ಉಕ್ಕಿ ಅವನ ಕಡೆಗೇ ಹರಿಯಿತು. ಅವನು ನನ್ನನ್ನು ನೋಡಿದ, ನಾನು ಒಲೆಯನ್ನು ನೋಡಿದೆ.

ಅಂದಿನಿಂದ ದಿನವೂ ಇಬ್ಬರೂ ಬಂದರಷ್ಟೇ ಶಟರ್ ಏಳುತ್ತಿತ್ತು. ಎಡಗಡೆ ನಾನು ಬಗ್ಗಬೇಕು, ಬಲಗಡೆ ಅವನು. ಬೀಗ ತೆಗೆದು ತಲೆ ಎತ್ತುವಾಗ ಕಣ್ಣಿಗೆ ಕಣ್ಣು ತಾಗುತ್ತಿತ್ತು. ಐದನೆಯ ದಿನಕ್ಕೆ ನಾನು ಬೀಗವನ್ನು ಬೇಕೆಂದೇ ನಿಧಾನ ತೆಗೆಯತೊಡಗಿದ್ದೆ. ದೇವರೇ, ಅವನಂತೂ ನನಗಿಂತ ನಿಧಾನ!

ಅಜ್ಜಿ ನಸುಕಿನಲ್ಲಿ ಹೇಳುತ್ತಿದ್ದ ಶಿವನ ಪದಗಳು ಹೊಲಿಯುವಾಗ ತಾವಾಗಿಯೇ ನನ್ನ ತುಟಿಗೆ ಬರುತ್ತವೆ. ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಒಂದು ಮಧ್ಯಾಹ್ನ ಹಾಗೇ ಗುನುಗುತ್ತಿದ್ದವಳು ತಟ್ಟನೆ ತಲೆ ಎತ್ತಿದೆ. ಅಂಗಡಿ ಗಪ್ಪಾಗಿತ್ತು.

"ಕರೆಂಟ್ ಹೋತೇನ್ರಿ?"

"ಇಲ್ರಿ."

"ಮತ್ತ ಮಿಕ್ಸಿ ಯಾಕ ನಿಂತೈತಿ?"

ಅವನು ಸ್ಕ್ರೂಡ್ರೈವರನ್ನೇ ನೋಡುತ್ತ ಹೇಳಿದ: "ನೀವು ಪದ ಹೇಳಾಕತ್ತಿದ್ರಿ. ಮುಗೀಲಿ ಅಂತ."

ಎಂಟು ದಿನ! ಎಂಟು ದಿನವೂ ನಾನು ಗುನುಗಿದಾಗಲೆಲ್ಲ ಆ ಮಿಕ್ಸಿ ನಿಲ್ಲುತ್ತಿತ್ತು. ಹಾಳು ಮಿಕ್ಸಿ, ಪದೇ ಪದೇ ಕೈ ಕೊಡುತ್ತದೆ ಎಂದುಕೊಂಡಿದ್ದೆ. ಸೂಜಿ ಬೆರಳಿಗೆ ಚುಚ್ಚಿತು. ನೋವೇ ಆಗಲಿಲ್ಲ.

ಹುಣ್ಣಿಮೆಯ ಹಿಂದಿನ ಸಂಜೆ ಅವನು ತನ್ನ ಬೀಗದ ಕೈಯನ್ನು ನನ್ನ ಮಷೀನಿನ ಮೇಲಿಟ್ಟ. "ನಾಳೆ ಕಂಪ್ಲಿಯಿಂದ ಬರೋದು ತಡ ಆಗ್ತದ. ನೀವ ಎರಡೂ ತೆಗೀರಿ."

ಬೆಳಿಗ್ಗೆ ಎರಡು ಕೀಲಿಕೈ ಹಿಡಿದು ಶಟರಿನ ಮುಂದೆ ನಿಂತೆ. ಈಗ ಅಂಗಡಿ ಪೂರಾ ನನ್ನದು. ಬಲಗಡೆ ಬೀಗದವರೆಗೆ ಹೋದ ಕೈ ವಾಪಸು ಬಂತು. ಮೆಟ್ಟಿಲ ಮೇಲೆ ಕುಳಿತೆ. ಬ್ಲೌಸ್ ಕೇಳಲು ಬಂದ ಇಬ್ಬರನ್ನು "ಆಮ್ಯಾಲೆ ಬರ್ರಿ" ಎಂದು ಕಳಿಸಿದೆ.

ಹನ್ನೊಂದಕ್ಕೆ ಗಾದಿಲಿಂಗ ಬಂದ. ಹಿಂದೆಯೇ ಬಾಂಡ್ ಪೇಪರ್ ಹಿಡಿದು ಜಂಬಯ್ಯ, ಎಲೆ ಅಡಿಕೆಯ ತಟ್ಟೆಯೊಂದಿಗೆ ದುರ್ಗಕ್ಕ.

"ಯಾಕ ತೆಗ್ದಿಲ್ರಿ? ಬೀಗದ ಕೈ ಕೊಟ್ಟಿದ್ನೆಲ್ಲ?"

"ಬಲಗಡಿ ತೆಗಿಯೋದು ನನಗ ರೂಢಿ ಇಲ್ರಿ."

ಅವನು ನಗಲಿಲ್ಲ. "ಅಜ್ಜಾರ, ಈ ಅನ್ನಪೂರ್ಣ ಅವರ ಹೆಸರಿಗೇ ಬರಸ್ರಿ. ನಾ ಕಂಪ್ಲ್ಯಾಗ ಒಂದು ಡಬ್ಬಿ ಅಂಗಡಿ ನೋಡಿ ಬಂದೀನಿ. ಇಲ್ಲಿ ಅವರ ಪದಕ್ಕ ಮಿಕ್ಸಿ ಸದ್ದು ಸರಿಹೋಗಂಗಿಲ್ಲ."

ನಾನು ಬೇಡಿದ್ದು ಇದನ್ನೇ ಅಲ್ಲವೇ? ಮೆಟ್ಟಿಲಿನಿಂದ ಎದ್ದು ನಿಂತೆ.

"ಅಜ್ಜಾರ," ಎಂದೆ. ನನ್ನ ದನಿ ಇಷ್ಟು ಜೋರಿದೆ ಎಂದು ನನಗೇ ಗೊತ್ತಿರಲಿಲ್ಲ. "ಒಂದ ಮನಿಯವರಾದ್ರ ಎರಡು ಹೆಸರು ಬರಸ್ತೀನಿ ಅಂದಿದ್ರಿ. ಬರಸ್ರಿ."

ದುರ್ಗಕ್ಕನ ಕೈಯ ತಟ್ಟೆ ಗಲಗಲ ಎಂದಿತು. ಜಂಬಯ್ಯನವರು ಕನ್ನಡಕ ಏರಿಸಿಕೊಂಡರು. ಗಾದಿಲಿಂಗನ ಕಿವಿ ಕೆಂಪಾಯಿತು. ಏನು ಮಾಡಬೇಕೋ ತಿಳಿಯದೆ ಕೈ ಚಾಚಿದ.

"ನನ್ನ... ನನ್ನ ಬೀಗದ ಕೈ ಕೊಡ್ರಿ."

ಎರಡೂ ಕೀಲಿಕೈಗಳನ್ನು ಸೆರಗಿನ ತುದಿಗೆ ಸೇರಿಸಿ ಗಂಟು ಹಾಕಿದೆ.

"ಕೊಡಂಗಿಲ್ಲ."