ಎದುರುಮಾತಿನ ಖಾಲಿ ಕ್ಯಾಸೆಟ್ಟು

೧೯೯೩ರ ನವೆಂಬರ್ ೮, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಲಬುರಗಿಯ ಜೇವರ್ಗಿ ಕಾಲೋನಿಯ ಜಯತೀರ್ಥರಾವ್ ಠಾಣೆಗೆ ಬಂದು ತಮ್ಮ ಮನೆಯಲ್ಲಿ ಕಳವಾಗಿದೆ ಎಂದು ದೂರು ಕೊಟ್ಟರು. ಹೆಡ್ ಕಾನ್‌ಸ್ಟೇಬಲ್ ಹಮೀದ್ ಕಾಗದ ಎಳೆದುಕೊಂಡ.

"ಏನೇನ್ ಹೋಗ್ಯಾವ್ರೀ?"

"ಕ್ಯಾಸೆಟ್ಟು. ಒಂದು ಗೋಣಿಚೀಲದಷ್ಟು."

"ಬಂಗಾರ?"

"ಮುಟ್ಟಿಲ್ಲ."

"ಟಿ.ವಿ.?"

"ಹಂಗೇ ಅದ."

ಹಮೀದ್ ನಕ್ಕ. "ಹಾಡಿನ ಹುಚ್ಚಿನ ಕಳ್ಳ ಇರಬೇಕ್ರೀ."

ಒಳಗಿನಿಂದ ಇನ್‌ಸ್ಪೆಕ್ಟರ್ ಮಾಣಿಕಪ್ಪ ಗದರಿದರು. "ಹಮೀದ್, ನಗಬ್ಯಾಡ. ಬರಿ."

ಜಯತೀರ್ಥರಾವ್ ಒಂದು ಕಾಲಕ್ಕೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವರು. ಸುಳ್ಳು ಸುದ್ದಿಯ ಕಾಗುಣಿತ ತಿದ್ದಿ ತಿದ್ದಿ ಸಾಕಾಗಿ ಕೆಲಸ ಬಿಟ್ಟರು. ಆಮೇಲೆ ತಿಂಗಳಿಗೊಮ್ಮೆ ಒಂದು ಗಂಟೆಯ ಕ್ಯಾಸೆಟ್ಟು ಮಾಡತೊಡಗಿದರು. ಅದರ ಹೆಸರು 'ಎದುರುಮಾತು'. ಆ ತಿಂಗಳು ಪತ್ರಿಕೆಗಳು ಏನು ಬರೆದವು, ಏನು ಮುಚ್ಚಿದವು, ಟಿ.ವಿ.ಯಲ್ಲಿ ಏನು ತೋರಿಸಿದರು, ಯಾಕೆ ತೋರಿಸಿದರು ಎಂದು ಹೆಸರು ಹಿಡಿದು ಮಾತಾಡುತ್ತಿದ್ದರು. ಜಾಹೀರಾತು ಇಲ್ಲ. ಕೇಳುಗರೇ ಅದನ್ನು ಸಾಕುತ್ತಿದ್ದರು. ಒಬ್ಬರು ಜೋಳ ಕೊಟ್ಟರೆ ಇನ್ನೊಬ್ಬರು ಬ್ಯಾಟರಿ ಸೆಲ್ಲು ಕೊಡುತ್ತಿದ್ದರು. ಎಲ್ಲರೂ ತಮ್ಮ ಮನೆಯ ಹಳೇ ಕ್ಯಾಸೆಟ್ಟೊಂದನ್ನು ಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದರು. ರಾಯರು ಅದರ ಮೇಲೆ ಹೊಸ ಸಂಚಿಕೆ ತುಂಬಿ ಅದೇ ಬಸ್ಸಿಗೆ ಹಾಕುತ್ತಿದ್ದರು. ಕಳಿಸಿದವರಿಗೆ ತಮ್ಮದೇ ಕ್ಯಾಸೆಟ್ಟು ವಾಪಸು ಸಿಗುತ್ತಿರಲಿಲ್ಲ. ಎಲ್ಲ ಒಂದು ರಾಶಿಗೆ ಬೀಳುತ್ತಿತ್ತು. ಕೈಗೆ ಸಿಕ್ಕದ್ದು ಹೋಗುತ್ತಿತ್ತು.

ಈ ಪದ್ಧತಿಯ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ ಎಂದು ರಾಯರು ಹೇಳಿದರು.

ಭಾರತೀಯ ದಂಡ ಸಂಹಿತೆ ಕಲಂ ೪೫೭, ೩೮೦ರ ಕೆಳಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ರಾಯರು ಅಕ್ಕನ ಮನೆಗೆ ರಾಯಚೂರಿಗೆ ಹೋಗಿದ್ದಾಗ ಕಳವು ನಡೆದಿತ್ತು. ಕಳ್ಳ ಬೀಗ ಒಡೆದಿರಲಿಲ್ಲ. ಚಿಲಕದ ನಟ್ಟುಗಳನ್ನು ಪಾನಾ ಹಾಕಿ ಬಿಚ್ಚಿ, ಹೊಸ್ತಿಲ ಮೇಲೆ ಸಾಲಾಗಿ ಇಟ್ಟಿದ್ದ. ಮಾಣಿಕಪ್ಪ ಆ ನಟ್ಟುಗಳನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಮ್ಯಾಲೆ ಸಿಟ್ಟು ಯಾರಿಗದ?"

"ಯಾರಿಗಿಲ್ಲ ಕೇಳ್ರೀ. ಕೋಟೆ ಸಮಾಚಾರದ ಗುರುರಾಜನಿಗಂತೂ ಬೆಂಕಿ ಬಿದ್ದದ. ಹೋದ ವರ್ಷದ ಹೊಳಿ ಪ್ರವಾಹದ ಫೋಟೋ ಈ ವರ್ಷದ್ದು ಅಂತ ಹಾಕಿದ್ದ. ಬಯಲು ಮಾಡಿದೆ."

ಗುರುರಾಜ 'ಕೋಟೆ ಸಮಾಚಾರ' ದಿನಪತ್ರಿಕೆಯ ಮಾಲಕ. ಮಾಣಿಕಪ್ಪ ಅವನನ್ನು ಠಾಣೆಗೆ ಕರೆಸಿದರು.

"ರಾಯರ ಕ್ಯಾಸೆಟ್ಟು ಕದಿಸಿದಿರೇನು?"

"ಸಾಹೇಬ್ರ, ಕದಿಸೋದಾದ್ರ ರಾಯರನ್ನೇ ಕದಸ್ತಿದ್ದೆ. ಕ್ಯಾಸೆಟ್ಟು ಹೋದ್ರೇನು, ಬಾಯಿ ಇನ್ನಾ ಅಲ್ಲೇ ಅದಲ್ರೀ?"

"ತಮಾಷಿ ಬ್ಯಾಡ."

"ಖರೇ ಹೇಳ್ತೇನಿ ಕೇಳ್ರಿ. ಅವರು ನನ್ನ ಬೈದ ತಿಂಗಳು ನನ್ನ ಪೇಪರ್ ಜಾಸ್ತಿ ಹೋಗ್ತದ. ಅವರು ನೂರು ವರ್ಷ ಬಾಳಲಿ."

ಗುರುರಾಜ ಆ ವಾರ ಪೂರ್ತಿ ಹೈದರಾಬಾದಿನಲ್ಲಿದ್ದ. ವಿಚಾರಿಸಿದಾಗ ಅದು ನಿಜವಾಗಿತ್ತು. ಆ ದಾರಿ ಅಲ್ಲಿಗೇ ಮುಗಿಯಿತು.

ಮುಂದಿನ ವಾರ ರಾಯರು ಮತ್ತೆ ಬಂದರು. ಅಂಚೆಯಲ್ಲಿ ಒಂದು ಪೊಟ್ಟಣ ಬಂದಿತ್ತು. ಒಳಗೆ ಅವರದೇ ಕ್ಯಾಸೆಟ್ಟು, ಕಳವಾದ ರಾಶಿಯದು. ಕಳಿಸಿದವರ ಹೆಸರಿಲ್ಲ. ಅಂಚೆ ಮುದ್ರೆ ಕಲಬುರಗಿಯದೇ.

"ಹಚ್ಚಿ ನೋಡಿದೆ. ನನ್ನ ಮಾತು ಒಂದೂ ಇಲ್ರೀ. ಎಲ್ಲಾ ಅಳಿಸ್ಯಾರ."

"ಅಳಿಸಿದ್ರ ಅಳಿಸ್ಯಾರ. ಹಿಂಗ್ಯಾಕ ಅಂಜಾಕತ್ತೀರಿ?" ಎಂದರು ಮಾಣಿಕಪ್ಪ.

ರಾಯರು ಹಮೀದನತ್ತ ನೋಡಿ ದನಿ ತಗ್ಗಿಸಿದರು. "ಅದು ಖಾಲಿ ಇಲ್ರೀ. ಅದ್ರಾಗ ಯಾರೋ ಸುಮ್ಮನ ಕುಂತಾರ."

ಠಾಣೆಯ ಹಿಂದಿನ ಕೋಣೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಚ್ಚಿದರು. ಮೊದಲು ಬರೀ ಗಾಳಿಯಂಥ ಸಪ್ಪಳ. ಆಮೇಲೆ ಒಂದು ಉಸಿರು. ಯಾರೋ ಯಂತ್ರದ ತೀರ ಹತ್ತಿರ ಕೂತಿದ್ದರು. ಮಾತಿಲ್ಲ. ಬಹಳ ಹೊತ್ತಿಗೊಮ್ಮೆ ಆ ಉಸಿರು ತಡೆದು ನಿಲ್ಲುತ್ತಿತ್ತು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. ಮತ್ತೆ ಹರಿಯುತ್ತಿತ್ತು. ಹಮೀದ್ ಕೈ ಚಾಚಿ ನಿಲ್ಲಿಸಲು ಹೋದ.

"ಬಿಡು," ಎಂದರು ಮಾಣಿಕಪ್ಪ.

ಅವರಿಗೆ ಸಿಟ್ಟು ಮೂಗಿನ ಮೇಲೆ. ಹತ್ತು ನಿಮಿಷ ಒಂದೇ ಕಡೆ ಕೂತವರಲ್ಲ. ಆ ದಿನ ಎರಡೂ ಬದಿ ಮುಗಿಯುವವರೆಗೆ ಏಳಲಿಲ್ಲ. ಎರಡನೇ ಬದಿಯ ನಡುವೆ ದೂರದಿಂದ ಒಂದು ಹೆಣ್ಣು ದನಿ ಬಂತು.

"ಆವಾಜ್ ಆಯಾ ಕ್ಯಾ ಜೀ?"

ಯಂತ್ರದ ಹತ್ತಿರವೇ ಗಂಡಸಿನ ದನಿ. "ಅಭಿ ನೈ."

ಮತ್ತೆ ಉಸಿರು. ಅಷ್ಟೇ.

"ದನಿ ಬಂತೇನು ಅಂತ ಕೇಳಾಕತ್ಯಾಳ್ರೀ," ಎಂದ ಹಮೀದ್. "ಇವನು ಇನ್ನಾ ಇಲ್ಲ ಅಂತಾನ. ಸಾಹೇಬ್ರ, ಇವರು ಯಾರ ದನಿಗೆ ಕಾಯಾಕತ್ತಾರ?"

ಮಾಣಿಕಪ್ಪ ಕ್ಯಾಸೆಟ್ಟು ಹೊರತೆಗೆದು ಮೇಜಿನ ಖಾನೆಯಲ್ಲಿಟ್ಟರು.

ಮರುವಾರ ಇನ್ನೊಂದು ಪೊಟ್ಟಣ ಬಂತು. ಅದೇ ಉಸಿರು. ಆದರೆ ಈ ಸಲ ಕಿಟಕಿ ತೆರೆದಿತ್ತೆಂದು ಕಾಣುತ್ತದೆ. ಹೊರಗಿನ ಸಪ್ಪಳವೂ ಕ್ಯಾಸೆಟ್ಟಿನೊಳಗೆ ಇಳಿದಿತ್ತು. ಮಾಣಿಕಪ್ಪ ಕಿವಿಯನ್ನು ಯಂತ್ರಕ್ಕೆ ಹಚ್ಚಿದರು. ಕಂಡಕ್ಟರೊಬ್ಬ "ಹುಮನಾಬಾದ್, ಬೀದರ್, ಹತ್ರೀ ಹತ್ರೀ" ಎಂದು ಕೂಗುತ್ತಿದ್ದ. ಯಾರೋ ಹೆಂಗಸು ಬಸ್ಸಿನ ಕಿಟಕಿಗೆ ಕೆಂಪು ಬಾಳೆಹಣ್ಣು ಕೂಗಿ ಮಾರುತ್ತಿದ್ದಳು. ಇನ್ನೂ ಹತ್ತಿರದಲ್ಲಿ, ಗೋಡೆಯ ಆಚೆಯೇ ಇದ್ದಂತೆ, ಟಂವ್ ಟಂವ್ ಎಂದು ಹತ್ತಿ ಹಿಂಜುವ ಬಿಲ್ಲಿನ ಸಪ್ಪಳ.

"ಕೆಂಪು ಬಾಳಿ ಎಲ್ಲಿ ಮಾರ್ತಾರಲೇ ಹಮೀದ್, ಬೀದರ್ ದಾರ್ಯಾಗ?"

"ಕಮಲಾಪುರ ಬಿಟ್ರ ಮತ್ತೆಲ್ರೀ?"

"ಜೀಪ್ ತಗಿ."

ನವೆಂಬರ್ ೨೪ರ ಮಧ್ಯಾಹ್ನ ಇಬ್ಬರೂ ಕಮಲಾಪುರ ಬಸ್ ನಿಲ್ದಾಣದಲ್ಲಿ ಇಳಿದರು. ಚಳಿಗಾಲ. ಗಾದಿ ಹೊಲಿಸುವ ಕಾಲ. ನಿಲ್ದಾಣದ ಹಿಂದಿನ ಓಣಿಯಲ್ಲಿ ಬಿಲ್ಲಿನ ಸಪ್ಪಳ ಕೇಳಿಸುತ್ತಲೇ ಇತ್ತು. ಗಾದಿ ಅಂಗಡಿಯ ಲಾಲ್ ಅಹ್ಮದ್ ಮೈತುಂಬ ಹತ್ತಿ ಮೆತ್ತಿಕೊಂಡು ಎದ್ದು ನಿಂತ.

"ಸಾಬ್, ಲೈಸೆನ್ಸ್ ಅದರೀ."

"ನಿನ್ನ ಲೈಸೆನ್ಸ್ ಯಾರ್ ಕೇಳ್ಯಾರ? ಬಾಜು ಮನಿ ಯಾರದು?"

"ಜಹೀರುದ್ದೀನ್ ಭಾಯಿದು. ಸೈಕಲ್ ರಿಪೇರಿ ಮಾಡ್ತಾರ. ಪಾಪ, ಹೋದ ಮಳಿಗಾಲದಾಗ ಮಗಳು ತೀರಿಕೊಂಡಳು. ಕಾಮಾಲಿ ಆಗಿತ್ತು. ಒಬ್ಬಳೇ ಮಗಳು, ಮುನೀರಾ. ಈ ಓಣ್ಯಾಗ ರೇಡಿಯೋನೇ ಬೇಕಿರಲಿಲ್ಲ ಬಿಡ್ರಿ, ಅಷ್ಟ್ ಮಾತಾಡ್ತಿದ್ದಳು ಹುಡುಗಿ."

ಮನೆಯ ಮುಂದೆಯೇ ಅಂಗಡಿ. ಜಹೀರುದ್ದೀನ್ ಚಕ್ರವೊಂದನ್ನು ಬಿಚ್ಚುತ್ತಿದ್ದ. ಬಿಚ್ಚಿದ ನಟ್ಟುಗಳು ಹಲಗೆಯ ಮೇಲೆ ಸಾಲಾಗಿದ್ದವು. ಖಾಕಿ ಕಂಡು ಎದ್ದ. ಓಡಲಿಲ್ಲ.

"ಚೀಲ ಎಲ್ಲೈತಿ?"

"ಒಳಗದ ಸಾಬ್."

"ಯಾಕ ಕದ್ದಿ?"

ಜಹೀರುದ್ದೀನ್ ಒಳಬಾಗಿಲತ್ತ ನೋಡಿದ. "ಇಲ್ಲೇ ಹೇಳ್ತೇನ್ರೀ. ಒಳಗ ಬ್ಯಾಡ. ಜೈನಾಬಿಗೆ ಕೇಳಸ್ತದ."

ಜೈನಾಬಿ ಅವನ ಹೆಂಡತಿ. ಅವನು ಅಂಗಡಿಯ ಹೊರಗೆ ನಿಂತು ಸಣ್ಣ ದನಿಯಲ್ಲಿ ಹೇಳಿದ್ದು ಇಷ್ಟು.

ಮನೆಯವರೆಲ್ಲ ಎದುರುಮಾತು ಕೇಳುತ್ತಿದ್ದರು. ಮುನೀರಾಗೆ ಅದು ಹುಚ್ಚಾಗಿ ಹತ್ತಿತ್ತು. ರಾಯರ ಹಾಗೆಯೇ ತಾನೂ ಒಂದು ಕ್ಯಾಸೆಟ್ಟು ಮಾಡಿದ್ದಳು. ಪೇಪರ್ ಓದುವುದು, ವಾರ್ತೆ ಓದುವವರನ್ನು ಅಣಕಿಸುವುದು, ನಡುವೆ ಅಮ್ಮಿಯನ್ನು ಬೈಯುವುದು, ನಗುವುದು. ಆಕೆಯ ದನಿ ಉಳಿದದ್ದು ಅದೊಂದರಲ್ಲೇ. ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ಸಣ್ಣ ಚಕ್ಕೆಗಳನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಹುಡುಗಿ ಅವನ್ನು ತಾನೇ ಮುರಿದಿಟ್ಟಿದ್ದಳು. ಆಕೆ ತೀರಿಕೊಂಡ ಮೇಲೆ ಒಂದು ದಿನ ಡ್ರೈವರ್ ಬಂದು ತಿಂಗಳ ಕ್ಯಾಸೆಟ್ಟು ಕೇಳಿದ. ಜಹೀರುದ್ದೀನ್ ಮನೆಯಲ್ಲಿರಲಿಲ್ಲ. ಜೈನಾಬಿ ಡಬ್ಬಿ ತೆರೆಯದೆ ಒಂದನ್ನು ಕೊಟ್ಟುಬಿಟ್ಟಳು. ಅದು ಮುನೀರಾಳದು.

"ಆಕಿಗೆ ಗೊತ್ತಿಲ್ರೀ. ಕ್ಯಾಸೆಟ್ಟು ಸಂದೂಕಿನ್ಯಾಗ ಅದ, ಮಿಷನ್ ಕೆಟ್ಟದ, ದನಿ ಬರವಲ್ದು ಅಂತ ಹೇಳಿಕೋತ ಬಂದೀನಿ. ತನ್ನ ಕೈಯಿಂದಾನೇ ಹೋತು ಅಂತ ತಿಳಿದ್ರ ಆಕಿ ಉಳಿಯಂಗಿಲ್ಲ ಸಾಬ್."

"ರಾಯರನ್ನ ಕೇಳಬೇಕಿತ್ತು."

"ಕೇಳಿದ್ನಲ್ರೀ. ಅವರ ಮನೀಗೇ ಹೋಗಿದ್ದೆ. ಈ ರಾಶ್ಯಾಗ ಯಾವುದು ಯಾರದು ಅಂತ ಹೇಳಲಿ, ಹೋಗು, ಹೊಸದು ಒಯ್ಯಿ ಅಂದ್ರು. ಅದಕ್ಕ ರಾಶಿನೇ ತಂದೆ. ಮಗಳು ಬರೆದ ಹೂ ನೋಡಿಕೋತ ಒಂದೊಂದೇ ತಗದು ಹುಡುಕಿದೆ. ಸಿಕ್ಕಿತು. ಮುರಿದ ಜಾಗಕ್ಕ ಕಾಗದ ತುರುಕಿ ಮತ್ತ ತುಂಬ್ಯಾರ. ಜೈನಾಬಿ ಇಲ್ಲದಾಗ ಹಚ್ಚಿದ್ರ ರಾಯರ ದನಿ."

"ಆಮ್ಯಾಲೆ ಅವರ ಮಾತು ಅಳಿಸಿ ಅಳಿಸಿ, ಕಲಬುರಗಿಗೆ ಬಂದು ಟಪಾಲಿಗೆ ಹಾಕಿದಿ."

"ಅಳಿಸಬೇಕಂತ ಅಲ್ಲ ಸಾಬ್." ಅವನು ಕೈಗೆ ಮೆತ್ತಿದ ಗ್ರೀಸು ಒರೆಸಿಕೊಂಡ. "ಆಕಿ ದನಿ ಇಲ್ಲದ ಮನಿ ಹ್ಯಾಂಗ ಕೇಳಸ್ತದ, ಅದನ್ನ ತುಂಬಿ ಕಳಿಸಿದೆ. ಒಮ್ಮೆ ಅವರೂ ಕೇಳಲಿ ಅಂತ."

ಹಮೀದ್ ಬೇರೆ ಕಡೆ ತಿರುಗಿ ನಿಂತ. ಮಾಣಿಕಪ್ಪ ಬೈಯಲು ಬಾಯಿ ತೆರೆದರು. ಯಾರನ್ನು ಬೈಯಬೇಕೆಂದು ತಿಳಿಯದೆ ಮುಚ್ಚಿದರು.

ಜಪ್ತಿ ಪಂಚನಾಮೆಗೆ ಲಾಲ್ ಅಹ್ಮದನನ್ನೂ ಹೋಟೆಲಿನವನೊಬ್ಬನನ್ನೂ ಪಂಚರನ್ನಾಗಿ ಕರೆದು ಒಳಗೆ ಹೋದರು. ಕಿಟಕಿಯ ಬಳಿ ಹಾಸಿಗೆ, ಹಾಸಿಗೆಯ ಮುಂದೆ ಟೇಪ್‌ರೆಕಾರ್ಡರ್, ಮೂಲೆಯಲ್ಲಿ ಗೋಣಿಚೀಲ. ಜೈನಾಬಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಹಮೀದ್ ಕ್ಯಾಸೆಟ್ಟುಗಳನ್ನು ಎಣಿಸಿ ಬಟ್ಟೆಗೆ ಕಟ್ಟಿದ. ದಿಂಬಿನ ಕೆಳಗೆ ಒಂದು ಬೇರೆ ಇತ್ತು. ಅದರ ಮೇಲೆ ಉಗುರಿನ ಬಣ್ಣದಲ್ಲಿ ಹೂವು ಬರೆದಿತ್ತು. ಬೆನ್ನಿನ ಕಿಂಡಿಗಳಲ್ಲಿ ಪತ್ರಿಕೆಯ ಕಾಗದದ ಉಂಡೆ.

"ಅದು ಕಳವಿಂದಲ್ರೀ," ಎಂದಳು ಜೈನಾಬಿ. "ಅದು ನಮ್ಮ ಮುನೀರಾದು. ಎಲ್ಲಾ ಒಯ್ಯಿರಿ, ಅದೊಂದು ಬಿಡ್ರಿ. ಇವರನ್ನ ನೀವು ಒಯ್ದ್ರ, ಲಾಲ್ ಭಾಯಿ ಮನಿ ಮಿಷನ್ ತಂದು ನಾನು ಕೇಳತೀನಿ. ಎಷ್ಟ್ ದಿನ ಆತು ಆಕಿ ದನಿ ಕೇಳಿ."

ಜಹೀರುದ್ದೀನ್ ಇನ್‌ಸ್ಪೆಕ್ಟರ್ ಮುಖ ನೋಡಿದ.

ಮಾಣಿಕಪ್ಪ ಕ್ಯಾಸೆಟ್ಟು ಎತ್ತಿಕೊಂಡರು. "ಇದೂ ಕೇಸಿಗೆ ಬೇಕವ್ವ."

"ಯಾಕ್ರೀ?"

"ಬೇಕು ಅಂದ್ರ ಬೇಕು." ದನಿ ಜೋರಾಯಿತು. ಆಮೇಲೆ ತಗ್ಗಿತು. "ಇದಕ್ಕ ಬ್ಯಾರೆ ಬಟ್ಟಿ ಸುತ್ತಿ ಅರಗಿನ ಮುದ್ರಿ ಒತ್ತತೀವಿ. ಸರ್ಕಾರದ ಮುದ್ರಿ. ಕೋರ್ಟ್ ಹೇಳೋ ತನಕ ಯಾರೂ ಮುಟ್ಟಂಗಿಲ್ಲ."

"ಯಾರೂ ಹಚ್ಚಂಗಿಲ್ಲ? ಅಳಸಂಗಿಲ್ಲ?"

"ಇಲ್ಲ."

ಜೈನಾಬಿ ಬಾಯಿಗೆ ಹಿಡಿದ ಸೆರಗು ಬಿಟ್ಟಳು. "ಹಂಗಾದ್ರ ಒಯ್ಯಿರಿ ಸಾಬ್. ಇಲ್ಲಿ ಇಲಿ ಕಾಟ ಭಾಳ ಅದ. ನಿಮ್ಮ ಹಂತೇಕನೇ ಛಲೋ."

ಹಮೀದ್ ಅರಗು ಕಾಯಿಸಿದ. ಮುದ್ರೆ ಸರಿಯಾಗಿ ಕೂರಲಿಲ್ಲ. ಮಾಣಿಕಪ್ಪ ಕಸಿದುಕೊಂಡು ತಾವೇ ಒತ್ತಿದರು. ಸಂಜೆ ನಾಲ್ಕೂವರೆಗೆ ಜಹೀರುದ್ದೀನನ ದಸ್ತಗಿರಿಯಾಯಿತು.

ಮರುದಿನ ಮಾಣಿಕಪ್ಪ ರಾಯರನ್ನು ಕರೆಸಿ ಎಲ್ಲ ಹೇಳಿದರು. ರಾಯರಿಗೆ ಸೈಕಲ್ಲಿನವನು ಮನೆಗೆ ಬಂದಿದ್ದೇ ನೆನಪಿರಲಿಲ್ಲ.

"ಎಲ್ಲರೂ ಹಳೇ ಹಾಡಿನ ಕ್ಯಾಸೆಟ್ಟೇ ಕಳಸ್ತಾರ್ರೀ. ಎಲ್ಲಾದರದ್ದೂ ಚಕ್ಕಿ ಮುರಿದಿರ್ತದ. ಕಾಗದ ತುರುಕೋದು ನನಗ ರೂಢಿ."

"ಪೇಪರಿನವರು ಮಂದಿ ಮಾತು ಕೇಳಂಗಿಲ್ಲ ಅಂತ ತಿಂಗಳಾ ಬೈತೀರಿ. ನಿಮಗ ಬಂದದ್ದನ್ನ ಒಮ್ಮೆ ಹಚ್ಚಿ ಕೇಳಿದ್ರ ಏನ್ ಹೋಗ್ತಿತ್ರೀ ನಿಮ್ಮದು?" ಮಾಣಿಕಪ್ಪ ಮೇಜು ಗುದ್ದಿದರು. "ಆ ಹುಡುಗಿ ನಿಮ್ಮ ಹಂಗ ಮಾತಾಡಾಕ ಕಲ್ತಿದ್ದಳು."

ರಾಯರು ಎದ್ದು ಹೋದರು. ಡಿಸೆಂಬರಿನಲ್ಲಿ ಎದುರುಮಾತು ಬರಲಿಲ್ಲ. ಜನವರಿಯಲ್ಲೂ ಬರಲಿಲ್ಲ. ದೂರು ಹಿಂತೆಗೆದುಕೊಳ್ಳಬಹುದೇ ಎಂದು ಒಮ್ಮೆ ಬಂದು ಕೇಳಿದರು. ಕಲಂ ೪೫೭ರಲ್ಲಿ ಹಾಗೆ ಹಿಂತೆಗೆಯಲು ಬರುವುದಿಲ್ಲ ಎಂದು ಹಮೀದ್ ತಿಳಿಸಿದ.

ದೋಷಾರೋಪಣ ಪಟ್ಟಿಯಲ್ಲಿ ಉದ್ದೇಶದ ಕಡೆ ಮಾಣಿಕಪ್ಪ ಬರೆದದ್ದು ಒಂದೇ ಸಾಲು. ಆರೋಪಿಯು ಕಳವು ಮಾಡಿದ್ದು ತನ್ನ ಮೃತ ಮಗಳ ಧ್ವನಿಯನ್ನು ಹುಡುಕುವ ಸಲುವಾಗಿ. ಅದು ಸಿಕ್ಕಿತೋ ಇಲ್ಲವೋ ಎಂಬುದನ್ನು ಬರೆಯಲಿಲ್ಲ. ಕಾನೂನು ಕೇಳುವುದೂ ಇಲ್ಲ.

ಜಹೀರುದ್ದೀನನಿಗೆ ಜಾಮೀನು ಸಿಕ್ಕಿತು. ಪ್ರಕರಣ ಎಳೆಯುತ್ತಿದೆ. ತಾರೀಖಿನ ದಿನ ಅವನು ಕೋರ್ಟಿಗೆ ಹೋದಾಗ ಜೈನಾಬಿ ಅವನ ಜೊತೆ ಹೋಗದೆ ನೇರ ಠಾಣೆಗೆ ಬರುತ್ತಾಳೆ. ಜಪ್ತಿ ಮಾಡಿದ ವಸ್ತುಗಳನ್ನಿಡುವ ಮುದ್ದೆಮಾಲಿನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಹಮೀದ್ ಆ ಸಣ್ಣ ಗಂಟನ್ನು ತಂದು ದೂರದಿಂದ ತೋರಿಸುತ್ತಾನೆ. ಅರಗು ಒಡೆದಿಲ್ಲವೆಂದು ಆಕೆ ಎರಡೂ ಕಡೆ ನೋಡಿಕೊಳ್ಳುತ್ತಾಳೆ. "ಛಲೋ ಇಟ್ಟೀರಪ್ಪ," ಎಂದು ಹೇಳಿ ಮಧ್ಯಾಹ್ನದ ಬಸ್ಸು ಹಿಡಿಯುತ್ತಾಳೆ.