ಬೀಗದ ಚೀಟಿಯಲ್ಲಿ ಅವಳ ನಂಬರ್

"ಕಣ್ಣು ಮುಚ್ಕೊಳ್ಲಾ?"

"ಇನ್ನೂ ಸೂಜಿನೇ ತೆಗ್ದಿಲ್ಲ ಕಣ್ರೀ!"

ಕುರ್ಚಿಯಲ್ಲಿ ಕುಳಿತ ಲಿಫ್ಟ್ ಮೆಕ್ಯಾನಿಕ್‌ನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಹನ್ನೆರಡು ಮಹಡಿ ಎತ್ತರದಲ್ಲಿ ನಿಂತು ಕೆಲಸ ಮಾಡುವ ಆಸಾಮಿ ಒಂದು ಸೂಜಿಗೆ ಹೀಗೆ ನಡುಗುವುದೇ! ಲ್ಯಾಬಿನಲ್ಲಿ ದಿನಕ್ಕೆ ಐವತ್ತು ಜನರ ರಕ್ತ ತೆಗೆಯುವ ಅವಳಿಗೆ ನಗು ಉಕ್ಕಿತು. ಆ ನಗುವನ್ನೇ ನೋಡುತ್ತ ಕುಳಿತವನಿಗೆ ಚುಚ್ಚಿದ್ದು ಗೊತ್ತೇ ಆಗಲಿಲ್ಲ.

ಚುಚ್ಚಿದವಳ ಎದೆ ಮಾತ್ರ ಯಾಕೋ ಹೊಡೆದುಕೊಳ್ಳುತ್ತಿತ್ತು...

ಅದಾಗಿ ಏಳು ತಿಂಗಳು. ಭಾನುವಾರದ ಸಿನಿಮಾ, ಅವನ ಬಾಡಿಗೆ ಕೋಣೆ, ಒಂದೇ ತಟ್ಟೆಯಲ್ಲಿ ಇಬ್ಬರ ಊಟ. ಇದನ್ನೆಲ್ಲ ಏನೆಂದು ಕರೆಯುವುದು?

"ಹೆಸರಿಡೋದು ಬೇಡ," ಅಂದವಳು ಅವಳೇ. "ಎಲ್ಲಿದ್ದೀಯ ಅಂತ ಕೇಳೋ ಹಾಗಿಲ್ಲ. ಮನೆಯವ್ರಿಗೆ ಗೊತ್ತಾಗೋ ಹಾಗಿಲ್ಲ. ಸಾಕು ಅನ್ನಿಸಿದ ದಿನ ಜಗಳ ಇಲ್ದೆ ಹೊರಟುಬಿಡೋದು. ಒಪ್ಪಿಗೆನಾ?"

ಅವನು ಒಂದು ಕ್ಷಣ ತಡೆದು ತಲೆಯಾಡಿಸಿದ್ದ.

ಮದುವೆ ಮುರಿದುಬಿದ್ದಾಗ ಅಕ್ಕ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೆಸರಿದ್ದರೆ ತಾನೇ ಮುರಿಯುವುದು? ಅವಳ ಧೈರ್ಯವೂ ಅದೇ, ಭಯವೂ ಅದೇ.

ಲ್ಯಾಬಿನ ರಿಸೆಪ್ಷನಿಸ್ಟ್ ಮಾತ್ರ ಬಿಡುತ್ತಿರಲಿಲ್ಲ. "ಟೈಮ್‌ಪಾಸ್ ಅಂತೀಯ. ಟೈಮ್‌ಪಾಸಿಗೆ ಯಾರಾದ್ರೂ ಶರ್ಟಿನ ಗುಂಡಿ ಹೊಲಿದು ಕೊಡ್ತಾರೇನೇ?"

"ಬಿದ್ದುಹೋಗಿತ್ತು, ಹೊಲಿದೆ. ಸುಮ್ನಿರೇ!"

ಒಂದು ಸಂಜೆ ಮಾರ್ಕೆಟ್ಟಿನಲ್ಲಿ ಅಕ್ಕನೇ ಎದುರಾದಳು.

"ಯಾರೇ ಇವ್ರು?"

"ಯಾರೂ ಇಲ್ಲ ಅಕ್ಕ... ಲಿಫ್ಟ್ ರಿಪೇರಿಯವ್ರು. ದಾರಿ ಕೇಳ್ತಿದ್ರು."

ಅವನ ಕೈಯಲ್ಲಿ ಅವಳದೇ ತರಕಾರಿ ಚೀಲವಿತ್ತು! ಅದನ್ನು ಮೆಲ್ಲಗೆ ಕೆಳಗಿಟ್ಟು, ತಿರುಗಿ ನೋಡದೆ ಹೊರಟುಹೋದ.

ಆಮೇಲೆ ಒಂಬತ್ತು ದಿನ ಫೋನಿಲ್ಲ, ಮೆಸೇಜಿಲ್ಲ. ಸಾಕು ಅನ್ನಿಸಿತೇನೋ ಅವನಿಗೆ... ಕೇಳುವಂತಿಲ್ಲವಲ್ಲ! ಫೋನ್ ಕೈಗೆತ್ತಿಕೊಳ್ಳುತ್ತಾಳೆ, ಇಡುತ್ತಾಳೆ.

ಹತ್ತನೆಯ ದಿನ ಮಧ್ಯಾಹ್ನ, ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಅಮ್ಮಾ, ನಾನು ಇಲ್ಲೊಂದು ಆಫೀಸ್ ಬಿಲ್ಡಿಂಗ್ ವಾಚ್‌ಮನ್. ಲಿಫ್ಟ್ ರಿಪೇರಿಯವ್ರು ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಲಿಫ್ಟ್ ಕೆಳಗಿನ ಗುಂಡಿಗೆ ಇಳಿದ್ರು. 'ನಾನು ಒಳಗಿದ್ದೇನೆ, ಬೀಗ ತೆಗೆಯಬೇಡಿ, ತೊಂದರೆಯಾದರೆ ಈ ನಂಬರಿಗೆ ತಿಳಿಸಿ' ಅಂತ ಬೀಗಕ್ಕೆ ಚೀಟಿ ಕಟ್ಟಿದ್ದಾರೆ. ನಾಲ್ಕು ಗಂಟೆ ಆಯ್ತು. ಎಷ್ಟು ಕೂಗಿದ್ರೂ ಓ ಅಂತಿಲ್ಲ!"

ಅವಳು ಕೈಯಲ್ಲಿದ್ದ ಸಿರಿಂಜ್ ಕೆಳಗಿಟ್ಟಳು.

"ಕಂಪನಿಗೆ ಹೇಳಿದ್ರಾ?"

"ಲಿಫ್ಟ್ ಬಾಗಿಲಿನ ಕೀ ತಗೊಂಡು ಇನ್ನೊಬ್ಬ ಮೆಕ್ಯಾನಿಕ್ ಹೊರಟಿದ್ದಾರಂತೆ. ಅಲ್ಲಮ್ಮಾ, ಚೀಟೀಲಿ ಸಂಬಂಧ ಅನ್ನೋ ಜಾಗ ಖಾಲಿ ಬಿಟ್ಟಿದ್ದಾರೆ. ನೀವು ಅವ್ರಿಗೆ ಏನಾಗ್ಬೇಕು?"

ಏನಾಗಬೇಕು?

ಅವನಿಗೇನಾದರೂ ಆಗಿದ್ದರೆ... ಹತ್ತಿರ ನಿಂತು ಅಳಲಿಕ್ಕೂ ತನಗೆ ಜಾಗವಿಲ್ಲ! ದಾರಿ ಕೇಳಿದವನಿಗೋಸ್ಕರ ಯಾರು ಅಳುತ್ತಾರೆ?

"ಅಡ್ರೆಸ್ ಹೇಳಿ, ಬಂದೆ," ಎಂದವಳು ಕೈಗವಸು ಕೂಡ ಬಿಚ್ಚದೆ ಓಡಿದಳು.

ಆಫೀಸಿಗೆ ರಜೆಯ ದಿನ. ಕಟ್ಟಡ ಖಾಲಿ. ಮುಚ್ಚಿದ ಲಿಫ್ಟ್ ಬಾಗಿಲಿನ ಸಂದಿಗೆ ಕಿವಿಯಿಟ್ಟರೆ ಹಿತ್ತಲ ಜನರೇಟರಿನ ಅಬ್ಬರ ಬಿಟ್ಟು ಬೇರೇನೂ ಇಲ್ಲ.

"ಅದನ್ನ ನಿಲ್ಸಿ!"

"ಸಾಹೇಬ್ರು ಬೈತಾರಮ್ಮಾ..."

"ಬೈಯ್ಲಿ! ಮೊದ್ಲು ನಿಲ್ಸಿ!"

ಸದ್ದು ನಿಂತಿತು. ಕೂಗಿದಳು. ಉತ್ತರವಿಲ್ಲ. ಅಂಗೈ ಉರಿಯುವಷ್ಟು ಬಾಗಿಲು ಬಡಿದು ಮತ್ತೆ ಕೂಗಿದಳು.

"...ಯಾರು?"

ನೆಲದಾಳದಿಂದ ಬಂದ ಸಣ್ಣ ದನಿ!

"ನಾನು ಕಣೋ!" ಅವಳು ಬಾಗಿಲ ಬುಡದಲ್ಲಿ ಮಂಡಿಯೂರಿದಳು.

"ಏಣಿಯಿಂದ ಜಾರಿದೆ. ಕಾಲು ಮುರಿದಿರ್ಬೇಕು, ಏಳೋಕಾಗ್ತಿಲ್ಲ. ಫೋನು ಮೇಲೆ ಬ್ಯಾಗಲ್ಲಿದೆ. ಕೂಗಿ ಕೂಗಿ ಗಂಟ್ಲೇ ಹೋಯ್ತು."

"ನನ್ನ ನಂಬರ್ ಯಾಕೋ ಬರ್ದೆ?"

"ಎಷ್ಟೋ ತಿಂಗಳಿಂದ ನಿಂದೇ ಬರಿಯೋದು. ಕತ್ತಲೆಗೆ ಇಳಿಯುವಾಗ ಮೇಲೆ ಯಾರೋ ಇದ್ದಾರೆ ಅನ್ನಿಸ್ಬೇಕಲ್ಲ... ಮಾತು ಮುರಿದೆ. ಬೈಬೇಡ."

"ಮತ್ತೆ ಒಂಬತ್ತು ದಿನ ಯಾಕೆ ಸುಮ್ನಿದ್ದೆ?"

"ನಿಂಗೆ ಸಾಕಾಯ್ತು ಅಂದ್ಕೊಂಡೆ."

"ನಿಂಗೆ ಸಾಕಾಯ್ತು ಅಂದ್ಕೊಂಡು ನಾನಿಲ್ಲಿ ಸಾಯ್ತಿದ್ದೀನಿ!"

ಫೋನ್ ತೆಗೆದು ಅಕ್ಕನ ನಂಬರ್ ಒತ್ತಿದಳು.

"ಅಕ್ಕಾ... ಆವತ್ತು ಸುಳ್ಳು ಹೇಳ್ದೆ. ಅವ್ನು ನಾನು ಪ್ರೀತಿಸೋ ಹುಡ್ಗ ಕಣೇ. ಬಿದ್ದು ಕಾಲು ಮುರ್ಕೊಂಡಿದ್ದಾನೆ. ನಂಗೆ ತುಂಬಾ ಭಯ ಆಗ್ತಿದೆ, ಬಾರೇ!"

"ತರಕಾರಿ ಚೀಲ ಹಿಡ್ಕೊಂಡು ಯಾರಾದ್ರೂ ದಾರಿ ಕೇಳ್ತಾರೇನೇ, ಪೆದ್ದಿ? ಅಳ್ಬೇಡ. ಹೊರಟೆ."

ಫೋನಿಟ್ಟು ಮತ್ತೆ ಸಂದಿಗೆ ಬಾಗಿದಳು.

"ಏಯ್! ಇದ್ದೀಯಾ? ಮಾತಾಡೋ!"

"ಇದ್ದೀನಿ... ಅಕ್ಕನಿಗೆ ನೀನು ಹೇಳಿದ್ದು ಕೇಳಿಸ್ಕೊಂಡು ಕೂತಿದ್ದೀನಿ."

ಹೊರಗೆ ಬೈಕ್ ನಿಂತ ಸದ್ದು. ವಾಚ್‌ಮನ್ ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕೂಗುತ್ತ ಓಡಿದ.

"ನಂಗೂ ಭಯ ಆಗ್ತಿದೆ," ಎಂದಿತು ಕೆಳಗಿನ ದನಿ.

"ಇನ್ನೇನು ಬಾಗಿಲು ತೆಗೀತಾರೆ ಕಣೋ, ಯಾಕೆ ಭಯ?"

"ನಿಮ್ಮಕ್ಕ ಬರ್ತಿದ್ದಾರಲ್ಲ... ಏನಂತ ಕರೀಲಿ?"

ಅವಳು ಕಣ್ಣೀರು ಒರೆಸಿಕೊಂಡು ಸಂದಿಗೆ ತುಟಿ ಹಚ್ಚಿದಳು.

"ಅತ್ತಿಗೆ ಅನ್ನು."