ದೊಡ್ಡಜ್ಜಿಯ ರೇಷ್ಮೆ ನಿಲುವಂಗಿ

“ಮುಟ್ಟಬೇಡಿ!”

ತೆರೆದ ಸಮಾಧಿಯ ಅಂಚಿನಲ್ಲಿ ಮಂಡಿಯೂರಿದ್ದ ಹೇರಿಮ್‌ಳ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದರು. ಅವಳ ಎದೆ ಧಸಕ್ಕೆಂದಿತು. ತಲೆಯೆತ್ತಿದರೆ ಕಪ್ಪು ಕೋಟಿನ ಯುವಕ... ಕಣ್ಣು ಕೆಂಪಗಾಗಿತ್ತು.

“ನಾಲ್ಕುನೂರು ವರ್ಷದಿಂದ ಮಲಗಿರೋ ನಮ್ಮ ದೊಡ್ಡಜ್ಜಿ ಇವರು. ಇಷ್ಟು ಜನರ ಎದುರು ಬಟ್ಟೆ ಬಿಚ್ಚೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನಿಮಗೆ?”

“ನಾನು... ಸಿಯೋಲ್‌ನಿಂದ... ವಿಶ್ವವಿದ್ಯಾಲಯದ ವಸ್ತ್ರ ಸಂಗ್ರಹಾಲಯದಿಂದ...” ಹೇರಿಮ್ ತಡವರಿಸಿದಳು.

“ಗಿಹುನ್, ಬಿಡೋ ಕೈ!” ಅವನ ಚಿಕ್ಕಪ್ಪ ಗದರಿದರು. “ಮನೆತನದವರೆಲ್ಲ ಕೂತು ಒಪ್ಕೊಂಡಾಗಿದೆ. ರಸ್ತೆ ಬರುತ್ತೆ, ಸಮಾಧಿ ಎತ್ತಲೇಬೇಕು. ಬಟ್ಟೆ ಕೊಳೆತು ಹೋಗೋ ಬದಲು ಓದೋ ಮಕ್ಕಳಿಗಾದ್ರೂ ಸಿಗಲಿ.”

ಗಿಹುನ್ ಕೈಬಿಟ್ಟ. ಆದರೆ ನೋಟ ಬಿಡಲಿಲ್ಲ.

ಸಂಗ್ರಹಾಲಯದ ಮುಖ್ಯಸ್ಥೆ ಪ್ಯೊನ್ ಮೇಡಂ ಕಾಲು ಮುರಿದುಕೊಂಡಿದ್ದರಿಂದ ಹೇರಿಮ್ ಒಬ್ಬಳೇ ಬಂದಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ಅಮ್ಮನಿಗೆ ಸೆಣಬಿನ ಶವವಸ್ತ್ರ ಸುತ್ತಿದ್ದನ್ನು ಕಂಡಂದಿನಿಂದ ಸಾವಿನ ಮನೆಯ ಹೊಸ್ತಿಲನ್ನೇ ತುಳಿಯದವಳು ಅವಳು. ಈಗ ಅವಳ ಕೈಗಳೇ ಹೆಣದ ಪೆಟ್ಟಿಗೆಯೊಳಗೆ ಇಳಿಯಬೇಕಿತ್ತು! ಗಾಳಿ ತಗುಲಿದರೆ ರೇಷ್ಮೆ ಉಳಿಯುವುದಿಲ್ಲ. ತಡಮಾಡುವಂತಿರಲಿಲ್ಲ.

ಕಣ್ಣುಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಎರಡೂ ಕೈಗಳನ್ನು ಪೆಟ್ಟಿಗೆಯೊಳಗೆ ಇಳಿಸಿದಳು.

ಅಂದು ಸಂಗ್ರಹಾಲಯಕ್ಕೆ ಬಂದದ್ದು ಹನ್ನೊಂದು ಉಡುಪು. ಹೊಸ ಜಾಗ ಸಿದ್ಧವಾಗುವವರೆಗೆ ದೊಡ್ಡಜ್ಜಿಯ ಅಸ್ಥಿಯನ್ನು ಬೌದ್ಧ ಮಠದಲ್ಲಿಟ್ಟರು.

ಮರುವಾರದಿಂದ ಗಿಹುನ್ ಬರತೊಡಗಿದ! ದಿನವೂ ಮೂರು ಗಂಟೆಗೆ. ಬಟ್ಟೆ ತೊಳೆಯುವ ಕೋಣೆಯ ಗಾಜಿನಾಚೆ ನಿಲ್ಲುವನು, ಒಂದು ಮಾತೂ ಆಡದೆ ಹೋಗುವನು.

“ನಿನ್ನ ಯಜಮಾನ್ರು ಬಂದ್ರು ನೋಡೇ,” ಎಂದು ಜೊತೆಯ ವಿದ್ಯಾರ್ಥಿನಿ ಬೊಂಗ್‌ಸೊನ್ ಕಿಚಾಯಿಸುವಳು.

“ಸುಮ್ನಿರೇ! ಒಂದೇ ಒಂದು ತಪ್ಪು ಕಂಡ್ರೆ ಸಾಕು, ಎಲ್ಲ ವಾಪಸ್ ಹೊತ್ಕೊಂಡ್ ಹೋಗ್ತಾನೆ.”

‘ನನ್ನ ತಪ್ಪಿಗೇ ಕಾಯ್ತಿದ್ದಾನೆ...’ ಎರಡೂಮುಕ್ಕಾಲಾದರೆ ಸಾಕು, ಹೇರಿಮ್‌ಳ ಅಂಗೈ ಬೆವರುತ್ತಿತ್ತು. ಆದರೂ ಒಂದು ದಿನ ಅವನು ಹತ್ತು ನಿಮಿಷ ತಡವಾಗಿ ಬಂದಾಗ, ಯಾಕೋ ಬಾಗಿಲನ್ನೇ ನೋಡುತ್ತಿದ್ದಳು. ಅದಕ್ಕಂತೂ ಇನ್ನೂ ಹೆದರಿಕೆಯಾಯಿತು!

ಆ ಮಂಗಳವಾರ ರೇಷ್ಮೆ ನಿಲುವಂಗಿಯ ಸರದಿ. ಜಾಲರಿಯ ಮೇಲಿಟ್ಟು ಮೆಲ್ಲಗೆ ನೀರಿಗಿಳಿಸಿದಳು. ಒಂದು ಕ್ಷಣ ಎಲ್ಲವೂ ಸರಿಯಿತ್ತು. ಆಮೇಲೆ... ತೋಳು ತಾನಾಗಿಯೇ ಕಳಚಿಕೊಂಡಿತು. ಹಿಂದೆಯೇ ಕೊರಳಪಟ್ಟಿ. ನೋಡನೋಡುತ್ತಿದ್ದಂತೆ ಇಡೀ ಉಡುಪು ತುಂಡು ತುಂಡಾಗಿ ನೀರಿನಲ್ಲಿ ತೇಲಿತು!

“ಅಯ್ಯೋ!”

ಗಾಜಿನಾಚೆ ಗಿಹುನ್‌ನ ಮುಖ ಬಿಳಿಚಿತು. ಹಿಂದೆ ಸರಿದವನೇ ಹೊರಟುಹೋದ.

‘ಮುಗೀತು... ಎಲ್ಲ ಮುಗೀತು.’

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ದೂರು ಕೊಡಲು ಹೋಗಿರಬೇಕು ಎಂದುಕೊಂಡಳು. ಫೋನು ಗುಂಯ್‌ಗುಟ್ಟಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು.

ನಾಲ್ಕನೇ ದಿನ ತಾನೇ ಅವನ ಕಚೇರಿಗೆ ಹೋದಳು. ಮೆಟ್ಟಿಲ ಬಳಿ ಅವನನ್ನು ಕಂಡದ್ದೇ ತಲೆಬಾಗಿ ನಿಂತಳು.

“ನಾನು ಹರಿದಿಲ್ಲ. ರೇಷ್ಮೆ ಗಟ್ಟಿಯಾಗಿದೆ, ಹೊಲಿದ ಹತ್ತಿನೂಲು ಮಣ್ಣಲ್ಲಿ ಕರಗಿಹೋಗಿತ್ತು ಅಷ್ಟೇ. ಆದ್ರೂ... ನಿಮ್ಮ ಕಣ್ಣೆದುರೇ ಹಾಗಾಗಬಾರದಿತ್ತು. ದೂರು ಕೊಡೋದಾದ್ರೆ ನನ್ನ ಮೇಲೆ ಕೊಡಿ, ಸಂಗ್ರಹಾಲಯದ ಮೇಲೆ ಬೇಡ.”

“ದೂರಾ?” ಗಿಹುನ್ ಬೆಪ್ಪಾದ. “ನಾನ್ಯಾಕೆ ದೂರು ಕೊಡ್ಲಿ?”

“ಮತ್ತೆ ದಿನಾ ಬಂದು ನನ್ನ ಕಾವಲು ಕಾಯ್ತಿದ್ರಲ್ಲ!”

ಅವನು ಮೆಟ್ಟಿಲ ಮೇಲೆಯೇ ಕುಸಿದು ಕುಳಿತ.

“ಅಮ್ಮನಿಗೆ ದಿನಾ ಒಂದೇ ಕನಸು. ದೊಡ್ಡಜ್ಜಿ ಮೈಮೇಲೆ ಬಟ್ಟೆ ಇಲ್ದೆ ಹಿಮದಲ್ಲಿ ನಡುಗ್ತಾ ನಿಂತಿರ್ತಾರಂತೆ. ‘ಬಟ್ಟೆ ಜೋಪಾನವಾಗಿದೆಯೇನೋ?’ ಅಂತ ದಿನಾ ಕೇಳ್ತಾಳೆ. ನೋಡಿ ಬಂದು ‘ಜೋಪಾನವಾಗಿದೆ’ ಅಂತಿದ್ದೆ. ಆವತ್ತು ತುಂಡಾಗಿದ್ದು ನೋಡಿದ ಮೇಲೆ ಏನ್ ಹೇಳ್ಲಿ? ಮೂರು ದಿನ ಅಮ್ಮನ ಮನೆಗೇ ಹೋಗಿಲ್ಲ ನಾನು. ಭಯ...”

ಹೇರಿಮ್ ಅವನನ್ನೇ ನೋಡಿದಳು. ಇಷ್ಟು ದಿನ ಗಾಜಿನ ಆಚೆಯೂ ಭಯವೇ ನಿಂತಿತ್ತೇ?

“ಹೊಸ ಸಮಾಧಿ ಯಾವತ್ತು?”

“ಇಪ್ಪತ್ತಾರಕ್ಕೆ.”

“ಬಿಚ್ಚಿಹೋಗಿದ್ದೇ ಒಳ್ಳೇದಾಯ್ತು, ಗಿಹುನ್ ಅವರೇ. ಈಗ ಪ್ರತಿ ತುಂಡಿನ ಅಳತೆ ಸಿಗುತ್ತೆ. ಅದೇ ಥರದ್ದು ಹೊಸದು ಹೊಲಿದು ಕೊಡ್ತೀನಿ. ಅಜ್ಜಿ ಬೆಚ್ಚಗೆ ಹೋಗ್ಲಿ.”

ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಸಂಗ್ರಹಾಲಯದ ಮೇಜಿನ ಸುತ್ತ ಫ್ಯಾಷನ್ ವಿಭಾಗದ ಆರು ವಿದ್ಯಾರ್ಥಿನಿಯರು ಕುಳಿತರು. ಊರುಗೋಲು ಹಿಡಿದ ಪ್ಯೊನ್ ಮೇಡಂ ಹಳೆಯ ಸೂಜಿಗುರುತುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರು. ಮೂರು ಗಂಟೆಗೆ ಗಿಹುನ್ ಬರುತ್ತಿದ್ದ, ಎಲ್ಲರಿಗೂ ಬಿಸಿ ಬಾರ್ಲಿ ಚಹಾ ಹಿಡಿದು. ಈಗ ಗಾಜಿನ ಒಳಗೆ ಬರುತ್ತಿದ್ದ.

ಇಪ್ಪತ್ತಾರರ ಬೆಳಗ್ಗೆ ಬೆಟ್ಟದ ಮೇಲೆ ಕೊರೆಯುವ ಗಾಳಿ. ಗಿಹುನ್‌ನ ತಾಯಿ ಹೊಸ ನಿಲುವಂಗಿಯನ್ನು ಎದೆಗೊತ್ತಿಕೊಂಡರು. ಆಮೇಲೆ ಹೇರಿಮ್‌ಳತ್ತ ಚಾಚಿದರು.

“ನೀನೇ ಹೊದಿಸಮ್ಮಾ. ಹೊಲಿದ ಕೈ ನಿಂದು.”

ಹೇರಿಮ್ ಕಲ್ಲಾದಳು. ತೆರೆದ ಪೆಟ್ಟಿಗೆ... ಅಮ್ಮನ ಮುಚ್ಚಿದ ಕಣ್ಣುಗಳು... ‘ನನ್ನಿಂದಾಗಲ್ಲ!’

“ನಂಗೂ ಭಯ ಆಗ್ತಿದೆ,” ಗಿಹುನ್ ಪಕ್ಕದಲ್ಲಿ ಪಿಸುಗುಟ್ಟಿದ. “ಒಂದು ತುದಿ ನಾನು ಹಿಡೀಲಾ?”

ಇಬ್ಬರೂ ಸೇರಿ ಹೊದಿಸಿದರು. ಕೊರಳ ಬಳಿ ರೇಷ್ಮೆಯನ್ನು ಸರಿಪಡಿಸುವಾಗ ಹೇರಿಮ್‌ಳ ಕೆನ್ನೆಯ ಮೇಲೆ ನೀರು ಇಳಿಯಿತು. ಹದಿನೇಳು ವರ್ಷ ಅಳದೇ ಇಟ್ಟುಕೊಂಡಿದ್ದ ಅಳು ಅದು.

ಎಲ್ಲರೂ ಬೆಟ್ಟ ಇಳಿದರು. ಅವರಿಬ್ಬರೇ ಹಿಂದುಳಿದರು.

“ಹೇರಿಮ್... ಇನ್ಮೇಲೆ ಸಂಗ್ರಹಾಲಯಕ್ಕೆ ಬರೋಕೆ ನಂಗೆ ಕಾರಣವೇ ಇಲ್ಲ.”

“ಹೌದು...” ಅವಳ ಧ್ವನಿ ಸಣ್ಣಗಾಯಿತು.

“ಕಾರಣ ಇಲ್ದೇನೇ ಬರ್ತೀನಿ ಅಂದ್ರೆ? ಬರೀ ನಿಮ್ಮನ್ನ ನೋಡೋಕೆ?”

ಅವಳ ಎದೆ ಮತ್ತೆ ಹೊಡೆದುಕೊಂಡಿತು. ಈ ಭಯಕ್ಕೆ ಮಾತ್ರ ಓಡಿಹೋಗಬೇಕೆನಿಸಲಿಲ್ಲ.

“ನಾಳೆ ನಮ್ಗೆ ರಜೆ,” ಎಂದಳು ನೆಲ ನೋಡುತ್ತಾ.

“ಹಾಗಾದ್ರೆ?”

“ಬೇರೆಲ್ಲಾದ್ರೂ ಊಟಕ್ಕೆ ಕರೀಬೇಕಪ್ಪಾ. ಅದನ್ನೂ ನಾನೇ ಹೇಳ್ಕೊಡಬೇಕಾ?”